ತೇರು ಅರ್ಧಕ್ಕೆ ನಿಂತು 14 ತಿಂಗಳು

ಏಪ್ರಿಲ್‌ನ ಒಂದು ಭಾನುವಾರ ಕಪಾಟಿನ ಮೇಲಿನ ಖಾನೆಯಿಂದ ಚಾದರ ತೆಗೆಯಲು ಹೋದೆ. ಹಿಂದೆ ಇದ್ದ ಒಂದು ಕೈಚೀಲ ಜಾರಿ ಕೆಳಗೆ ಬಿತ್ತು. ಅದರಲ್ಲಿ ಏನಿದೆ ಅಂತ ನೋಡದೆಯೇ ಗೊತ್ತಿತ್ತು. ಆದರೂ ಬಿಚ್ಚಿದೆ. ನಾಲ್ಕು ಮಡಿಕೆ ಮಾಡಿದ ಕಪ್ಪು ಬಟ್ಟೆ, ಅದರ ಮಧ್ಯ ಕೆಂಪು ದಾರದಲ್ಲಿ ಕಸೂತಿ ಹಾಕಿದ ಅರ್ಧ ತೇರು, ತೇರಿನ ಎಡಗಾಲಿಯ ಹತ್ತಿರ ಚುಚ್ಚಿಟ್ಟ ಸೂಜಿ. ಸೂಜಿಯಲ್ಲಿ ಇನ್ನೂ ಒಂದು ಗೇಣು ದಾರ ಇತ್ತು. ಎಳೆದರೆ ಸೂಜಿ ಬರಲಿಲ್ಲ. ಮೆಲ್ಲಗೆ ತಿರುವಿ ತಿರುವಿ ತೆಗೆದೆ. ಬಂತು, ಆದರೆ ಬಟ್ಟೆಗೆ ತುಕ್ಕು ಹತ್ತಿತ್ತು. ಕಪ್ಪು ಬಟ್ಟೆಯಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ, ಆದರೆ ಪಕ್ಕದ ಎರಡು ಹೊಲಿಗೆ ಹಳೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು.

ಬೆರಳಲ್ಲಿ ಎಣಿಸಿದೆ. 2024ರ ಫೆಬ್ರವರಿಯಿಂದ 14 ತಿಂಗಳು. ಹಾಸಿಗೆಯ ಅಂಚಿನಲ್ಲಿ ಹಾಗೇ ಕೂತೆ, ಚಾದರದ ನೆನಪೇ ಹೋಯಿತು.

ಇದು ನಮ್ಮ ಆಯಿಯ ಸೀರೆಯಿಂದ ಶುರುವಾದ ಕೆಲಸ. ಆಯಿ ಅಂದರೆ ಅವ್ವನ ತಾಯಿ. ಬೆಟಗೇರಿಯಲ್ಲಿ ಬೆಳೆದು ಮದುವೆಯಾಗಿ ಹಾವೇರಿ ಕಡೆಗೆ ಬಂದವಳು. ಬರುವಾಗ ಒಂದು ಚಂದ್ರಕಳಿ ಸೀರೆ ತಂದಿದ್ದಳು. ಚಂದ್ರಕಳಿ ಅಂದರೆ ಇಳಕಲ್ಲಿನ ಕಪ್ಪು ಸೀರೆ, ಮೈಮೇಲೆ ಕಸೂತಿ. ಬೇರೆ ಶುಭ ಕೆಲಸಕ್ಕೆ ಕಪ್ಪು ಬೇಡ ಅನ್ನುವ ಮಂದಿಯೇ ಮದುಮಗಳಿಗೆ ಮಾತ್ರ ಈ ಕಪ್ಪು ಸೀರೆ ಕೊಡುತ್ತಿದ್ದರು. ಕೆಂಪು ಸೆರಗು, ಅದರಲ್ಲಿ ತೋಪು ತೆನಿ ಅನ್ನುವ ಬಿಳಿ ನೇಯ್ಗೆಯ ವಿನ್ಯಾಸ. ಸೆರಗಿನ ಹತ್ತಿರ ದೊಡ್ಡ ದೊಡ್ಡ ಚಿತ್ರ, ಗೋಪುರ, ತೇರು, ಪಲ್ಲಕ್ಕಿ, ಅಂಬಾರಿ ಹೊತ್ತ ಆನೆ. ಸೆರಗಿನಿಂದ ದೂರ ಹೋದ ಹಾಗೆ ಚಿತ್ರ ಸಣ್ಣದಾಗುತ್ತವೆ, ತುಳಸಿಕಟ್ಟೆ, ತೊಟ್ಟಿಲು, ನವಿಲು, ಕಡೆಗೆ ಬರೀ ನಕ್ಷತ್ರದಂಥ ಚುಕ್ಕೆ. ಸಣ್ಣವಳಿದ್ದಾಗ ಆಯಿಯ ತೊಡೆ ಮೇಲೆ ಮಲಗಿ ಆ ಆನೆಯನ್ನು ಬೆರಳಿನಿಂದ ಮುಟ್ಟುತ್ತಿದ್ದೆ. ಅದು ಬಟ್ಟೆಗಿಂತ ಸ್ವಲ್ಪವೇ ಸ್ವಲ್ಪ ಎತ್ತರ ಇರುತ್ತಿತ್ತು, ಕಣ್ಣು ಮುಚ್ಚಿದರೂ ಸೊಂಡಿಲು ಎಲ್ಲಿದೆ ಅಂತ ತಿಳಿಯುತ್ತಿತ್ತು.

2023ರ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಟ್ರಂಕಿನಿಂದ ಆ ಸೀರೆ ತೆಗೆದಳು. ಮಡಿಕೆ ಬಿಚ್ಚಿದ ಕೂಡಲೇ ಮಡಿಕೆಯ ಉದ್ದಕ್ಕೂ ಪರ್ ಅಂತ ಹರಿಯಿತು. ಜೋರಾಗಿ ಎಳೆದಿರಲಿಲ್ಲ, ಬರೀ ಎತ್ತಿದ್ದಷ್ಟೇ. ಪಲ್ಲಕ್ಕಿಯ ನಡುವೆ ಸರಿಯಾಗಿ ಸೀಳು. ಅವ್ವ ಏನೂ ಅನ್ನಲಿಲ್ಲ, ಮತ್ತೆ ಮಡಚಲಿಕ್ಕೂ ಹೆದರಿ ಸೀರೆಯನ್ನು ಹಾಗೇ ಮಂಚದ ಮೇಲೆ ಹರವಿದಳು. ಆ ರಾತ್ರಿಯೇ ನಾನು ಮಗಳ ಗಣಿತದ ಗ್ರಾಫ್ ಪುಸ್ತಕ ಇಸಕೊಂಡು ಸೀರೆಯ ಪಕ್ಕ ಕೂತು ಎಣಿಸಲು ಶುರು ಮಾಡಿದೆ. ಸೀರೆಯನ್ನು ಉಳಿಸಲು ಆಗುವುದಿಲ್ಲ, ಆದರೆ ಚಿತ್ರಗಳ ಎಣಿಕೆ ಉಳಿಸಬಹುದಲ್ವಾ? ಏಳು ಚಿತ್ರ ಆರಿಸಿಕೊಂಡೆ. ಒಂದೇ ಉದ್ದನೆಯ ಕಪ್ಪು ಬಟ್ಟೆಯ ಮೇಲೆ ಏಳನ್ನೂ ಹಾಕಿ ಗೋಡೆಗೆ ತೂಗುಹಾಕುವುದು ಅಂತ ಲೆಕ್ಕ. ಮುಂದೆ ಯಾರಿಗಾದರೂ ಬೇಕಾದರೆ ಅದನ್ನು ನೋಡಿ ಎಣಿಸಿಕೊಳ್ಳಲಿ ಅಂತ.

ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕಬೇಕು. ಇಳಕಲ್ ಸೀರೆಯ ಸಣ್ಣ ಎಳೆ ಎಣಿಸುವಷ್ಟು ನನ್ನ ಕಣ್ಣು ಈಗ ಇಲ್ಲ, ಅದಕ್ಕೆ ಹುಬ್ಬಳ್ಳಿಯ ಜವಳಿ ಸಾಲಿಗೆ ಹೋಗಿ ಒಂದೂವರೆ ಮೀಟರು ಕಪ್ಪು ಮ್ಯಾಟಿ ಬಟ್ಟೆ ತಂದೆ. ಅದರಲ್ಲಿ ಎಳೆಗಳ ನಡುವೆ ತೂತು ಕಾಣುತ್ತದೆ. ದಾರ ಧಾರವಾಡದ ಸುಭಾಷ ರಸ್ತೆಯಲ್ಲಿ ತಗೊಂಡೆ, ಕೆಂಪು, ಹಸಿರು, ಕಿತ್ತಳೆ, ನೇರಳೆ, ಒಂದಿಷ್ಟು ಬಿಳಿ. ಲಡಿಯ ಆರು ಎಳೆಯಲ್ಲಿ ಎರಡು ಎಳೆ ಬಿಡಿಸಿಕೊಂಡು ಸೂಜಿಗೆ ಪೋಣಿಸಬೇಕು. ಕಪ್ಪು ಬಟ್ಟೆಯ ಮೇಲೆ ಹಾಕುವವರಿಗೆ ಒಂದು ಮಾತು: ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡು ಅದರ ಮೇಲೆ ಬಟ್ಟೆ ಇಟ್ಟುಕೊಳ್ಳಿ. ತೂತುಗಳೆಲ್ಲ ಬೆಳ್ಳಗೆ ಕಾಣುತ್ತವೆ. ಇದು ಗೊತ್ತಾಗುವ ತನಕ ಮೊದಲ ವಾರ ಪೂರ್ತಿ ತಲೆನೋವು ತಿಂದಿದ್ದೇನೆ.

ಕಸೂತಿಯಲ್ಲಿ ನಾಲ್ಕು ಥರದ ಹೊಲಿಗೆ ಇದೆ. ಗವಂತಿ, ಮುರ್ಗಿ, ನೇಗಿ, ಮೆಂತಿ. ಮೆಂತಿ ಅಂದರೆ ಅಡ್ಡ ಗುಣಾಕಾರದ ಹೊಲಿಗೆ, ಮೆಂತೆ ಕಾಳು ಚೆಲ್ಲಿದ ಹಾಗೆ ಕಾಣುತ್ತದೆ. ನೇಗಿ ನೇಯ್ದ ಹಾಗೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಜಾಸ್ತಿ ಕೆಲಸ ಇರುವುದು ಗವಂತಿಯಲ್ಲಿ. ನನ್ನ ಕಥೆ ಎಲ್ಲ ಅದರಲ್ಲೇ ಸಿಕ್ಕಿಕೊಂಡಿದೆ, ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಗೆರೆ ಹಾಕಬೇಕು ಅಂದುಕೊಳ್ಳಿ. ಸೂಜಿಯನ್ನು ನಾಲ್ಕು ಎಳೆಯ ಮೇಲೆ ಹಾಯಿಸಿ, ನಾಲ್ಕು ಎಳೆಯ ಕೆಳಗೆ ಹಾಯಿಸಿ, ಮತ್ತೆ ಮೇಲೆ, ಮತ್ತೆ ಕೆಳಗೆ. ಹೀಗೆ ಗೆರೆಯ ಕೊನೆ ತನಕ ಹೋಗಬೇಕು. ಆಗ ಕಾಣುವುದು ಬಿಟ್ಟು ಬಿಟ್ಟು ಇರುವ ಗೆರೆ, ಹಲ್ಲು ಬಿದ್ದ ಬಾಚಣಿಗೆ ಹಾಗೆ. ಕೊನೆ ಮುಟ್ಟಿದ ಮೇಲೆ ತಿರುಗಿ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಹೋಗುವಾಗ ಬಿಟ್ಟ ಜಾಗ ಬರುವಾಗ ತುಂಬುತ್ತದೆ. ಶುರು ಮಾಡಿದ ಜಾಗಕ್ಕೆ ಬಂದು ಮುಟ್ಟಿದರೆ ಗೆರೆ ಪೂರ್ತಿ, ಮೇಲೂ ಅಷ್ಟೇ, ಕೆಳಗೂ ಅಷ್ಟೇ. ಗಂಟು ಹಾಕುವ ಹಾಗಿಲ್ಲ. ದಾರದ ತುದಿಯನ್ನು ಸ್ವಲ್ಪ ಬಿಟ್ಟುಕೊಂಡು ಶುರು ಮಾಡಿ, ವಾಪಸ್ ಬಂದ ಮೇಲೆ ಹೊಲಿಗೆಯ ಒಳಗೇ ಅದನ್ನು ಸೇರಿಸಿಬಿಡಬೇಕು. ಗವಂತಿ ಹಾಕಿದ ಬಟ್ಟೆಯನ್ನು ತಿರುಗಿಸಿ ನೋಡಿದರೆ ಯಾವುದು ಮುಂದಿನ ಮಗ್ಗಲು, ಯಾವುದು ಹಿಂದಿನದು ಅಂತ ಹೇಳಲು ಬರಬಾರದು. ಈಗ ಅಂಗಡಿಯಲ್ಲಿ ಮಷೀನಿನಲ್ಲಿ ಮಾಡಿದ ಕಸೂತಿ ಚಿತ್ರದ ಸೀರೆ ಬೇಕಾದಷ್ಟು ಸಿಗುತ್ತವೆ. ಸೆರಗು ತಿರುಗಿಸಿ ನೋಡಿ, ಅಲ್ಲಿ ಗೊತ್ತಾಗುತ್ತದೆ.

ಒಂದೇ ಗೆರೆ ಇದ್ದರೆ ಇದೆಲ್ಲ ಸುಲಭ. ತೇರು ಒಂದು ಗೆರೆ ಅಲ್ಲ. ಅದು ಮರದ ಹಾಗೆ ಕವಲೊಡೆಯುತ್ತದೆ. ಪೀಠದ ಗೆರೆಯಲ್ಲಿ ಹೋಗುತ್ತಾ ಗಾಲಿಯ ಕವಲು ಬಂದರೆ ಅದರೊಳಗೆ ಹೋಗಿ, ತುದಿ ಮುಟ್ಟಿ, ವಾಪಸ್ ಬಂದು, ಮತ್ತೆ ಪೀಠದಲ್ಲೇ ಮುಂದೆ ನಡೆಯಬೇಕು. ಮೇಲೆ ಹೋದರೆ ಕಂಬ, ಕಂಬಕ್ಕೆ ತೋರಣ, ಆಮೇಲೆ ಗೋಪುರದ ಮೆಟ್ಟಿಲು, ತುದಿಯಲ್ಲಿ ಕಳಸ. ಯಾವ ಕವಲಿಗೆ ಈಗ ಹೋಗಬೇಕು, ಯಾವುದನ್ನು ವಾಪಸ್ ಬರುವಾಗ ಮುಗಿಸಬೇಕು ಅನ್ನುವುದು ಕಾಗದದ ಮೇಲೆ ಇರುವುದಿಲ್ಲ. ಗ್ರಾಫ್ ಹಾಳೆಯಲ್ಲಿ ಚಿತ್ರ ಇರುತ್ತದೆ, ದಾರಿ ಇರುವುದಿಲ್ಲ. ದಾರಿ ತಲೆಯಲ್ಲಿ ಇರುತ್ತದೆ. ಅದೂ ಹಾಕುತ್ತಾ ಹಾಕುತ್ತಾ ಹುಟ್ಟುವ ದಾರಿ. ಮಧ್ಯದಲ್ಲಿ ಎಲ್ಲೋ ಒಂದು ಎಳೆ ತಪ್ಪಿದರೂ ಆಗ ತಿಳಿಯುವುದಿಲ್ಲ. ವಾಪಸ್ ಬರುವಾಗ ಗೆರೆಗೆ ಗೆರೆ ಕೂಡದೆ ಇದ್ದಾಗಲೇ ತಿಳಿಯುವುದು.

ಮೊದಲ ಮೂರು ತಿಂಗಳು ಹೇಗಿತ್ತು ಅಂತ ಈಗ ನೆನೆಸಿಕೊಂಡರೂ ಮೈ ಬೆಚ್ಚಗಾಗುತ್ತದೆ. ನಾನು ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಧಾರವಾಡದಿಂದ ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ಬಸ್ಸಿನಲ್ಲಿ ಸೂಜಿ ಹಿಡಿಯಲು ಆಗುವುದಿಲ್ಲ, ನಿಲ್ಲಲು ಜಾಗ ಸಿಕ್ಕರೆ ದೊಡ್ಡದು. ಆದರೆ ಕಿಟಕಿಯ ಕಡೆ ಮುಖ ಮಾಡಿ ನಿಂತು ಮನಸ್ಸಿನಲ್ಲೇ ದಾರಿ ಹಾಕುತ್ತಿದ್ದೆ. ನವನಗರ ಬರುವಷ್ಟರಲ್ಲಿ ನವಿಲಿನ ಗರಿ ಮುಗಿದಿರುತ್ತಿತ್ತು. ಉಣಕಲ್ ಕೆರೆ ಬಂದದ್ದೇ ಗೊತ್ತಾಗುತ್ತಿರಲಿಲ್ಲ. ರಾತ್ರಿ ಊಟದ ಪಾತ್ರೆ ತೊಳೆದು, ಒಂಬತ್ತೂವರೆಗೆ ಕೂತರೆ ಹನ್ನೊಂದು. ಮಗಳು ಪಕ್ಕದಲ್ಲಿ ಓದುತ್ತಾ ಕೂತು ಮಧ್ಯೆ ಮಧ್ಯೆ ಗ್ರಾಫ್ ನೋಡಿ "ಮೇಲೆ 7, ಬಲಕ್ಕೆ 3" ಅಂತ ಹೇಳುತ್ತಿದ್ದಳು. ಗೋಪುರ ಮುಗಿಯಿತು. ನವಿಲು ಮುಗಿಯಿತು. ನವಿಲಿನ ಕೊನೆಯ ಹೊಲಿಗೆ ಬಂದು ಮೊದಲ ಹೊಲಿಗೆಗೆ ಸರಿಯಾಗಿ ಮುಟ್ಟಿತಲ್ಲ, ಆ ರಾತ್ರಿ ನಿದ್ದೆಯಲ್ಲಿದ್ದ ನಮ್ಮ ಮನೆಯವರನ್ನು ಎಬ್ಬಿಸಿ ತೋರಿಸಿದ್ದೆ.

ಆಗ ಒಂದು ಕೆಲಸ ಮಾಡಿದೆ. ಎರಡು ಚಿತ್ರದ ಫೋಟೋ ತೆಗೆದು ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದೆ. ಏಳು ಚಿತ್ರದ ಯೋಜನೆಯನ್ನೂ ಬರೆದೆ, ಆಯಿಯ ಸೀರೆಯ ಕಥೆಯನ್ನೂ ಬರೆದೆ. ಎಲ್ಲರೂ ಎಷ್ಟು ಹೊಗಳಿದರು ಅಂದರೆ ಮೂರು ದಿನ ಫೋನ್ ಟಿಣ್ ಟಿಣ್ ಅನ್ನುತ್ತಲೇ ಇತ್ತು. ಚಿಕ್ಕಮ್ಮ ಅತ್ತುಬಿಟ್ಟಳಂತೆ. ಒಬ್ಬರು ಇದನ್ನು ಮುಗಿಸಿದ ಮೇಲೆ ಪ್ರದರ್ಶನಕ್ಕೆ ಇಡು ಅಂದರು, ಇನ್ನೊಬ್ಬರು ಮಾರುತ್ತೀಯಾ ಅಂತ ಕೇಳಿದರು. ಯಾರ ತಪ್ಪೂ ಅಲ್ಲ, ಪ್ರೀತಿಯಿಂದಲೇ ಹೇಳಿದ್ದು. ಆದರೆ ಆಮೇಲೆ ಬಟ್ಟೆ ಹಿಡಿದು ಕೂತಾಗ ಏನೋ ಬೇರೆ ಆಗಿತ್ತು. ಮುಗಿದ ಮೇಲೆ ಸಿಗಬೇಕಾದ ಸಂತೋಷವನ್ನು ಎರಡೇ ಚಿತ್ರಕ್ಕೆ ಪೂರ್ತಿ ತಗೊಂಡುಬಿಟ್ಟಿದ್ದೆ. ಉಳಿದ ಐದಕ್ಕೆ ಬರೀ ಕೆಲಸ ಉಳಿದಿತ್ತು. ಇದು ನನಗೆ ಆಗ ಅರ್ಥ ಆಗಲಿಲ್ಲ, ಸುಮ್ನೆ ತೇರು ಶುರು ಮಾಡಿದೆ.

ತೇರು ಏಳರಲ್ಲೇ ದೊಡ್ಡದು. ಗ್ರಾಫಿನಲ್ಲಿ ಅಡ್ಡಕ್ಕೆ 46 ಮನೆ, ಎತ್ತರಕ್ಕೆ 61. ಫೆಬ್ರವರಿಯ ಒಂದು ರಾತ್ರಿ ಪೀಠದ ಗೆರೆ ದಾಟಿ, ಬಲಗಾಲಿ ಮುಗಿಸಿ, ಮೇಲೆ ಕಳಸದ ತನಕ ಹೋಗಿ, ಎಡಗಡೆಯಿಂದ ಇಳಿಯುತ್ತಾ ಎಡಗಾಲಿಯ ಹತ್ತಿರ ಬಂದಿದ್ದೆ. ಹೋಗುವ ದಾರಿ ಮುಗಿಯಲು ಹತ್ತಿಪ್ಪತ್ತು ಹೊಲಿಗೆ ಇತ್ತು. ಬಚ್ಚಲ ಕಡೆಯಿಂದ ದಪ್ ಅಂತ ಸದ್ದು. ನಮ್ಮ ಅತ್ತೆ ಬಿದ್ದಿದ್ದರು. ಸೂಜಿಯನ್ನು ಬಟ್ಟೆಗೆ ಚುಚ್ಚಿ ಓಡಿದೆ.

ತೊಡೆಯ ಎಲುಬು ಮುರಿದಿತ್ತು. ಆಪರೇಷನ್, ಹನ್ನೊಂದು ದಿನ ಆಸ್ಪತ್ರೆ, ಆಮೇಲೆ ಮೂರು ತಿಂಗಳು ಮನೆಯಲ್ಲಿ ಹಾಸಿಗೆ, ವಾಕರ್. ಅದರ ಮಧ್ಯೆ ಮಾರ್ಚ್ ಬಂತು. ಲೆಕ್ಕಪತ್ರದವರಿಗೆ ಮಾರ್ಚ್ ಅಂದರೆ ಏನು ಅಂತ ಆ ಕೆಲಸದವರಿಗೇ ಗೊತ್ತು, ಮನೆಗೆ ಬರುವಾಗ ರಾತ್ರಿ ಒಂಬತ್ತು. ಏಪ್ರಿಲ್, ಮೇ ಲಗ್ನಸರಾಯಿ, ಭಾವನ ಮಗನ ಮದುವೆ ನಮ್ಮ ಮನೆಯಿಂದಲೇ ಆಗಬೇಕಿತ್ತು. ನಳದ ನೀರು ದಿನಾ ಬರುವುದಿಲ್ಲ, ಬಂದ ದಿನ ರಾತ್ರಿ ಎಷ್ಟು ಹೊತ್ತಾದರೂ ಎದ್ದು ಟಾಕಿ, ಬ್ಯಾರಲ್ಲು, ಕೊಡ ತುಂಬಬೇಕು. ಯಾವುದನ್ನೂ ದೂರುತ್ತಿಲ್ಲ. ಎಲ್ಲರ ಮನೆಯಲ್ಲೂ ಇರುವುದೇ. ಅತ್ತೆ ಮಾತ್ರ ಒಮ್ಮೆ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದರು, "ನನ್ನ ಸಲುವಾಗಿ ನಿನ್ನ ಕಸೂತಿ ನಿಂತತಲ್ಲವ್ವಾ?" ಹಂಗೇನಿಲ್ಲ ಅಂದೆ. ಅವರ ಕಣ್ಣಲ್ಲಿ ನೀರು ಇತ್ತು, ನಾನು ಬೇಗನೆ ಮಾತು ಬದಲಾಯಿಸಿದೆ.

ಆದರೆ ಈ ಕೆಲಸಗಳಿಂದಲೇ ಕಸೂತಿ ನಿಂತಿತು ಅಂದರೆ ಅದು ಪೂರ್ತಿ ನಿಜ ಅಲ್ಲ. ಜುಲೈ ಹೊತ್ತಿಗೆ ಅತ್ತೆ ಕೋಲು ಹಿಡಿದು ಅಂಗಳದ ತನಕ ನಡೆಯುತ್ತಿದ್ದರು. ಮದುವೆ ಮುಗಿದಿತ್ತು. ಧಾರವಾಡದ ಮಳೆ ಹಿಡಿದಿತ್ತು, ಸಂಜೆಯೆಲ್ಲ ಮನೆಯೊಳಗೇ. ಒಂಬತ್ತೂವರೆಯಿಂದ ಹನ್ನೊಂದು ಮತ್ತೆ ನನ್ನದಾಗಿತ್ತು. ಒಂದು ರಾತ್ರಿ ಬಟ್ಟೆ ತೆಗೆದೆ. ಟವೆಲ್ ಹಾಸಿದೆ, ಕನ್ನಡಕ ಹಾಕಿಕೊಂಡೆ. ತೇರನ್ನು ನೋಡಿದರೆ ದಾರಿ ಗೊತ್ತಾಗಲಿಲ್ಲ. ಎಡಗಡೆಯ ತೋರಣಕ್ಕೆ ಹೋಗಿ ಬಂದಿದ್ದೆನಾ? ಮೂರನೇ ಮೆಟ್ಟಿಲಿನ ಕವಲನ್ನು ವಾಪಸ್ ಬರುವಾಗ ಹಾಕೋಣ ಅಂತ ಬಿಟ್ಟಿದ್ದೆನಾ, ಇಲ್ಲಾ ಮರೆತಿದ್ದೆನಾ? ಅರ್ಧ ಗಂಟೆ ಬೆರಳು ಇಟ್ಟು ಹುಡುಕಿದೆ. ಸಿಕ್ಕ ಹಾಗಾಯಿತು, ಅಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು. ಮುಗಿಸಿ ಬಂದು ಕೂತರೆ ಮತ್ತೆ ತಪ್ಪಿತು. ಮಡಚಿಟ್ಟೆ.

ಮರುದಿನ ತೆಗೆಯಲಿಲ್ಲ. ಅದರ ಮರುದಿನವೂ ಇಲ್ಲ. ಆ ಒಂದೂವರೆ ಗಂಟೆ ಎಲ್ಲಿ ಹೋಯಿತು ಅಂದರೆ ಫೋನಿನಲ್ಲಿ. ಬೇರೆಯವರು ಕಸೂತಿ ಹಾಕುವ ವಿಡಿಯೋ ನೋಡುತ್ತಿದ್ದೆ. ಒಂದು ನಿಮಿಷದಲ್ಲಿ ಇಡೀ ಆನೆ ಮುಗಿದುಬಿಡುತ್ತದೆ ಅದರಲ್ಲಿ. ನೋಡಿದರೆ ಹಾಕಿದಷ್ಟೇ ಹಿತ ಅನಿಸುತ್ತಿತ್ತು, ಆ ಹೊತ್ತಿಗೆ. ಚೀಲ ಮೊದಲು ಖುರ್ಚಿಯ ಮೇಲೆ ಇತ್ತು, ಆಮೇಲೆ ಬಾಗಿಲ ಹಿಂದಿನ ಗೂಟಕ್ಕೆ ಹೋಯಿತು, ದಸರೆಗೆ ಮನೆ ಸ್ವಚ್ಛ ಮಾಡುವಾಗ ಕಪಾಟಿನ ಮೇಲಿನ ಖಾನೆಗೆ. ಯಾರಾದರೂ "ಆಯಿ ಸೀರಿದು ಎಲ್ಲಿಗೆ ಬಂತು?" ಅಂತ ಕೇಳಿದರೆ "ನಡದೈತಿ" ಅನ್ನುತ್ತಿದ್ದೆ. ಆ ಒಂದು ಮಾತು ಹೇಳಿದಾಗಲೆಲ್ಲ ಚೀಲ ಇನ್ನಷ್ಟು ಭಾರ ಆಗುತ್ತಿತ್ತು. ಬಳಗದ ಮದುವೆ ಮುಂಜಿಗೆ ಹೋಗುವುದೇ ಬೇಡ ಅನಿಸುವಷ್ಟು.

ಬಿಡಬಹುದಲ್ಲ ಅಂತ ನೀವು ಕೇಳಬಹುದು. ಎಷ್ಟೋ ಕೆಲಸ ಶುರು ಮಾಡಿ ಬಿಟ್ಟಿದ್ದೇನೆ, ಕ್ರೋಶಾ ಬಿಟ್ಟೆ, ಬೆಳಗಿನ ವಾಕಿಂಗ್ ಬಿಟ್ಟೆ, ಅವಕ್ಕೆಲ್ಲ ಬೇಜಾರಾಗಿಲ್ಲ. ಇದನ್ನು ಬಿಡಲು ಆಗುವುದಿಲ್ಲ, ಯಾಕೆಂದರೆ ಇಲ್ಲಿ ನಾನು ಕಾದರೂ ಸೀರೆ ಕಾಯುವುದಿಲ್ಲ. ಅವ್ವನ ಮನೆಯಲ್ಲಿ ಅದು ಪ್ರತಿ ಮಳೆಗಾಲಕ್ಕೂ ಇನ್ನಷ್ಟು ಸೀಳುತ್ತಿದೆ. ಪಲ್ಲಕ್ಕಿ ಈಗಾಗಲೇ ಎರಡು ತುಂಡು. ನನ್ನ ಗ್ರಾಫ್ ಪುಸ್ತಕದಲ್ಲಿ ನಾಲ್ಕು ಚಿತ್ರ ಮಾತ್ರ ಪೂರ್ತಿ ಇಳಿದಿವೆ.

ಮೇ ರಜೆಗೆ ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಈ ಸಲ ಚೀಲ ತಗೊಂಡೇ ಹೋದೆ. ಅವ್ವ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಾ ಕೂತಿದ್ದಳು. ಹಳೇ ಸೀರೆ ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಇಟ್ಟು, ಅಂಚಿನಿಂದ ಒಳಗೆ ಸುತ್ತು ಸುತ್ತು ಹೊಲಿಯುತ್ತಾ ಬರುವುದು. ಹಾಲಿನವನು ಕರೆದ, ಎದ್ದಳು. ಪಕ್ಕದ ಮನೆಯವಳು ಕರಿಬೇವು ಕೇಳಿದಳು, ಎದ್ದಳು. ಬಂದು ಕೂತು ಸೂಜಿ ಎತ್ತಿದಳು, ಹೊಲಿಗೆ ಮುಂದೆ ನಡೆಯಿತು. ಅವಳಿಗೆ ಎಲ್ಲಿ ಬಿಟ್ಟೆ ಅಂತ ಹುಡುಕುವ ಕೆಲಸವೇ ಇಲ್ಲ. ಕೌದಿಯಲ್ಲಿ ಸೂಜಿ ಇದ್ದಲ್ಲೇ ದಾರಿ ಇರುತ್ತದೆ. ನಾನು ಅದನ್ನು ನೋಡುತ್ತಾ ಕೂತೆ, ಹೊಟ್ಟೆಯಲ್ಲಿ ಸ್ವಲ್ಪ ಉರಿಯಿತು ಕೂಡ.

ಮಧ್ಯಾಹ್ನ ಊಟ ಆದ ಮೇಲೆ ನನ್ನ ಬಟ್ಟೆ ತೆಗೆದು ಅವಳ ಮುಂದೆ ಹಾಕಿದೆ. ತುಕ್ಕಿನ ಜಾಗ ತೋರಿಸಿದೆ. ದಾರಿ ಮರೆತಿದೆ, ಬಿಚ್ಚಿಬಿಡುತ್ತೇನೆ ಅಂದೆ. ಅವ್ವ ಬಟ್ಟೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದಳು.

"ಬಿಚ್ಚಬ್ಯಾಡ. ಮೊದ್ಲ ಓದು" ಅಂದಳು. ಆಮೇಲೆ, "ಒಬ್ಬಾಕೀನ ಕೂತು ಹಾಕತೀಯೇನ ಇಷ್ಟು ದೊಡ್ಡ ತೇರು?"

ಮತ್ತೆ ಯಾರಿದ್ದಾರೆ ಅಂದೆ.

ಅವಳು ಎದ್ದು ಹೋಗಿ ಆಯಿಯ ಸೀರೆ ತಂದಳು. ಈಗ ಅದನ್ನು ಮಡಚುವುದಿಲ್ಲ, ಒಂದು ಕೋಲಿಗೆ ಸುತ್ತಿ ಹಳೇ ಧೋತರದಲ್ಲಿ ಮುಚ್ಚಿಡುತ್ತಾಳೆ. ಸೆರಗಿನ ಹತ್ತಿರದ ಆನೆ ತೋರಿಸಿ "ಇದು ಆಯಿ ಕೈ" ಅಂದಳು. ಅದರ ಪಕ್ಕದ ತೇರು ತೋರಿಸಿ "ಇದು ನಮ್ಮ ದೊಡ್ಡವ್ವನ ಕೈ. ನೋಡಿದ್ರ ಗೊತ್ತಾಗೂದಿಲ್ಲೇನ?" ದೊಡ್ಡವ್ವ ಅಂದರೆ ಆಯಿಯ ಅಕ್ಕ. ಬಗ್ಗಿ ನೋಡಿದೆ. ಒಂದೂವರೆ ವರ್ಷದ ಹಿಂದೆ ಇಡೀ ರಾತ್ರಿ ಇದೇ ಸೀರೆಯ ಮೇಲೆ ಬಗ್ಗಿ ಎಳೆ ಎಣಿಸಿದ್ದೆ, ಒಮ್ಮೆಯೂ ನನಗೆ ಇದು ಕಂಡಿರಲಿಲ್ಲ. ಆನೆಯಲ್ಲಿ ದಾರ ಬಿಗಿ. ಪ್ರತಿ ಹೊಲಿಗೆಯ ತುದಿಗೂ ಬಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿದೆ, ಎಳೆದು ಎಳೆದು ಹಾಕಿದ್ದು. ತೇರಿನಲ್ಲಿ ದಾರ ಸಡಿಲ, ಹೊಲಿಗೆ ಉಬ್ಬಿಕೊಂಡು ಕೂತಿದೆ, ತೂತೇ ಇಲ್ಲ. ಪಲ್ಲಕ್ಕಿಯಲ್ಲಂತೂ ಎರಡೂ ಇವೆ. ಎಡಗಡೆ ಸಡಿಲ, ಬಲಗಡೆ ಬಿಗಿ. ಒಬ್ಬಳು ಹಾಕುತ್ತಾ ಎದ್ದು ಹೋಗಿದ್ದಾಳೆ, ಇನ್ನೊಬ್ಬಳು ಅದೇ ಸೂಜಿ ಎತ್ತಿಕೊಂಡಿದ್ದಾಳೆ.

"ಅವರ ಮನ್ಯಾಗ ಮಧ್ಯಾಹ್ನ ನಾಲ್ಕೂ ಮಂದಿ ಕೂತು ಹಾಕತಿದ್ರಂತ. ಒಬ್ಬಾಕಿ ಎಣಸಾಕಿ, ಉಳದವ್ರು ಚುಚ್ಚವ್ರು. ಯಾರರ ಎದ್ದ್ರೂ ಎಣಿಕಿ ಏಳತಿದ್ದಿಲ್ಲ."

ಎಣಿಕೆ ಏಳುತ್ತಿರಲಿಲ್ಲ. ನನಗೆ ಅದೇ ಮಾತು ಇಡೀ ದಿನ ಕಿವಿಯಲ್ಲಿತ್ತು. ಅಲ್ಲಿ ಒಬ್ಬಳು ಹಾಲು ಕಾಯಿಸಲು ಹೋದರೆ ದಾರಿ ಇನ್ನೊಬ್ಬಳ ಬಾಯಲ್ಲಿ ಉಳಿಯುತ್ತಿತ್ತು. ನನ್ನ ದಾರಿ ನನ್ನ ತಲೆಯೊಳಗೆ ಮಾತ್ರ ಇತ್ತು. ಆ ರಾತ್ರಿ ನಾನು ಬಚ್ಚಲ ಕಡೆಗೆ ಓಡಿದಾಗ ಅದೂ ನನ್ನ ಜೊತೆಗೇ ಎದ್ದು ಹೋಯಿತು. ಉಮೇದಿ ಹೋಯಿತು, ಉಮೇದಿ ಹೋಯಿತು ಅಂತ ನಾನು ಅಂದುಕೊಳ್ಳುತ್ತಿದ್ದೆನಲ್ಲ, ಅದರಲ್ಲಿ ಅರ್ಧಕ್ಕರ್ಧ ಇದೇ ಇತ್ತು ಅನಿಸುತ್ತದೆ. ಪ್ರತಿ ಸಲ ಕೂತಾಗ ಮೊದಲ ಅರ್ಧ ಗಂಟೆ ಬರೀ ಹುಡುಕಾಟ ಇದ್ದರೆ ಯಾರಿಗೆ ತಾನೇ ಕೂರಬೇಕು ಅನಿಸುತ್ತದೆ?

ಉಳಿದ ಅರ್ಧ ಬೇರೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಮೊದಲ ಮೂರು ತಿಂಗಳ ಆ ಉಮೇದಿ ವಾಪಸ್ ಬಂದಿಲ್ಲ. ಬಸ್ಸಿನಲ್ಲಿ ಈಗ ದಾರಿ ಹಾಕುವುದಿಲ್ಲ, ಕೂರಲು ಸಿಕ್ಕರೆ ನಿದ್ದೆ ಬರುತ್ತದೆ. ಫೋನ್ ಈಗಲೂ ಕೈಗೆ ಬರುತ್ತದೆ. ಸೂಜಿ ಹಿಡಿದರೆ ಖುಷಿ ಆಗುತ್ತದೆ, ಆದರೆ ಹಿಡಿಯುವ ಮುಂಚೆ ಬೇಡ ಅನಿಸುತ್ತದೆ. ಎರಡೂ ಒಟ್ಟಿಗೇ ಇವೆ.

ಊರಿನಲ್ಲಿ ನಾಲ್ಕು ದಿನ ಇದ್ದೆವು. ತೇರನ್ನು ಮೂವರೂ ಕೂತು ಓದಿದೆವು. ಅವ್ವ ಹಿಂದಿನ ಮಗ್ಗಲು ನೋಡುತ್ತಾ, ನಾನು ಮುಂದಿನ ಮಗ್ಗಲು ನೋಡುತ್ತಾ, ಮಗಳು ಗ್ರಾಫಿನ ಮೇಲೆ ಪೆನ್ಸಿಲ್ಲಿನಿಂದ ಬಾಣದ ಗುರುತು ಹಾಕುತ್ತಾ. ಮೂರನೇ ಮೆಟ್ಟಿಲಿನ ಕವಲು ಮರೆತಿದ್ದೇ ಅಂತ ಗೊತ್ತಾಯಿತು. ಅಷ್ಟೇ ಅಲ್ಲ, ಕಳಸದಿಂದ ಇಳಿಯುವಾಗ ಒಂದು ಎಳೆ ತಪ್ಪಿತ್ತು, ವಾಪಸ್ ಬಂದಿದ್ದರೂ ಗೆರೆ ಕೂಡುತ್ತಿರಲಿಲ್ಲ. ಹಾಗಾಗಿ ಕಳಸದ ತನಕ ಬಿಚ್ಚಬೇಕಾಯಿತು. 58 ಹೊಲಿಗೆ. ಸೂಜಿಯ ಹಿಂಬದಿಯಿಂದ ಒಂದೊಂದೇ ಎತ್ತಿ ತೆಗೆದೆ, ತುಕ್ಕು ಹತ್ತಿದ ಎರಡೂ ಅದರಲ್ಲೇ ಹೋದವು. ಬಿಚ್ಚುವಾಗ ದುಃಖ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಬಟ್ಟೆಯ ತೂತುಗಳು ಮೆಲ್ಲಗೆ ಮುಚ್ಚಿಕೊಂಡವು, ಉಗುರಿನಿಂದ ಸವರಿದರೆ ಸಾಕಾಯಿತು.

ಕೊನೆಯ ದಿನ ಸಂಜೆ ಗುಡುಗು ಮಳೆ ಬಂದು ಕರೆಂಟು ಹೋಯಿತು. ಅಷ್ಟರಲ್ಲಿ ಒಂದು ತುಳಸಿಕಟ್ಟೆ ಮುಗಿಸಿದ್ದೆ, ಹಸಿರು ದಾರದ್ದು, ಸಣ್ಣದು, ಕೂತಲ್ಲೇ ಹೋಗಿ ವಾಪಸ್ ಬರುವಂಥದ್ದು. ಎದ್ದರೂ ಮರೆಯಲು ಏನೂ ಉಳಿಯುವುದಿಲ್ಲ ಅಂತ ಅದನ್ನೇ ಆರಿಸಿಕೊಂಡಿದ್ದೆ. ಅವ್ವ ಎಣಿಸಿದಳು, ನಾನು ಹಾಕಿದೆ. ಪಲ್ಲಕ್ಕಿಯ ಎಣಿಕೆಯನ್ನೂ ಇಳಿಸಿಕೊಂಡೆವು, ಸೀಳಿದ ಎರಡು ತುಂಡನ್ನು ಬಿಳಿ ಟವೆಲ್ ಮೇಲೆ ಜೋಡಿಸಿ. ನಡುವೆ ಎರಡು ಮನೆಯಷ್ಟು ಜಾಗ ಪೂರ್ತಿ ಹೋಗಿಬಿಟ್ಟಿದೆ. ಅಲ್ಲಿ ಏನಿತ್ತು ಅಂತ ಅವ್ವನಿಗೂ ನೆನಪಿಲ್ಲ. ಆ ಎರಡು ಮನೆಯನ್ನು ಗ್ರಾಫಿನಲ್ಲಿ ಖಾಲಿ ಬಿಟ್ಟಿದ್ದೇವೆ.

ಈಗ ಜೂನ್. ಧಾರವಾಡಕ್ಕೆ ಬಂದು ಮೂರು ವಾರ ಆಯಿತು. ಈ ಮೂರು ವಾರದಲ್ಲಿ ಐದು ಸಲ ಕೂತಿದ್ದೇನೆ. ಮೂರು ಸಲ ಮಗಳು ಎಣಿಸಿದಳು, ಎರಡು ಸಲ ಅತ್ತೆ. ಅತ್ತೆಗೆ ಗ್ರಾಫ್ ಕಾಣುವುದಿಲ್ಲ, ನಾನು ಜೋರಾಗಿ ಹೇಳುತ್ತಾ ಹೋಗುತ್ತೇನೆ, ಅವರು ಅದನ್ನು ನೆನಪಿಟ್ಟುಕೊಳ್ಳುತ್ತಾರೆ. ಮೊನ್ನೆ ನಡುವೆ ಕುಕ್ಕರ್ ಕೂಗಿತು ಅಂತ ಎದ್ದು ಬಂದು ಕೂತೆ. ಅವರು ಕಣ್ಣು ಮುಚ್ಚಿಕೊಂಡೇ "ಕಳಸದಾಗ ಇದ್ದೀ, ಐದು ಆಗ್ಯಾವ" ಅಂದರು. ಸರಿಯಾಗಿತ್ತು.

ಸೂಜಿಯನ್ನು ಈಗ ಬಟ್ಟೆಗೆ ಚುಚ್ಚಿಡುವುದಿಲ್ಲ. ಏಳುವಾಗ ಒಂದು ಚೀಟಿ ಬರೆದು ಬಟ್ಟೆಗೆ ದಾರದಿಂದ ಕಟ್ಟುತ್ತೇವೆ. ನಿನ್ನೆಯ ಚೀಟಿ ಮಗಳ ಅಕ್ಷರದಲ್ಲಿದೆ: "ಕಳಸ ಆಯ್ತು. ಎಡಕ್ಕೆ ಇಳಿಯಾಕತ್ತೀವಿ. 3ನೇ ಮೆಟ್ಟಿಲಿಗೆ ಒಳಗ ಹೋಗಿ ಬರಬೇಕು, ಮರಿಬ್ಯಾಡ. ಮುಂದಿನ ಹೊಲಿಗಿ ಕೆಳಗಿಂದ ಮೇಲೆ."